ಕೋಟೆ ಬಾಗಿಲ ಕಾವಲುಗಾರ

ಹೊಳೆದಂಡೆಯ ಮಠದ ಹಿಂದಿನ ಕೋಣೆಯಲ್ಲಿ ಚನ್ನಬಸಯ್ಯನವರು ವಿಡಿಯೋ ಗೇಮಿಗೆ ಆಳು, ಕುದುರೆ, ಕೋಟೆ ಮಾಡುವುದನ್ನು ಕಲಿಸುತ್ತಿದ್ದರು. ಮಠದಲ್ಲಿ ಕಂಪ್ಯೂಟರ್ ಯಾಕೆ ಎಂದು ಮೂಗು ಮುರಿಯುವವರು ಮುರಿಯಲಿ, ಶಿಷ್ಯರಿಗೇನೂ ಕೊರತೆ ಇರಲಿಲ್ಲ.

ಶಿಷ್ಯ ಕೊಟ್ರೇಶನಿಗೆ ಒಬ್ಬ ಕಾವಲುಗಾರನನ್ನು ಮಾಡುವ ಕೆಲಸ ಬಂತು.

“ಗುರುಗಳೇ, ಮೂರು ದಾರಿ ಇದೆ. ಪರದೆ ಮೇಲೆ ಒಂದು ಪೆಟ್ಟಿಗೆ ಇಟ್ಟು, ಅದನ್ನೇ ಕತ್ತರಿಸಿ ಎಳೆದು ಆಳು ಮಾಡಬಹುದು. ಜೇಡಿಮಣ್ಣು ತಿದ್ದಿದ ಹಾಗೆ ತಿದ್ದಬಹುದು. ಇಲ್ಲಾ, ನಿಜವಾದ ಮನುಷ್ಯನ ಸುತ್ತ ಫೋಟೋ ಹೊಡೆದು, ಎಲ್ಲಾ ಸೇರಿಸಿ ಅವನನ್ನೇ ಎಬ್ಬಿಸಬಹುದು. ಯಾವುದು ಒಳ್ಳೇದು?”

“ಆಟದಲ್ಲಿ ಅವನ ಪಾಡೇನು?”

“ಕೋಟೆ ಬಾಗಿಲಲ್ಲಿ ನಿಂತಿರ್ತಾನೆ.”

“ಅಷ್ಟೇನಾ?”

ಕೊಟ್ರೇಶ ಪರದೆಯ ಕಡೆ ತಿರುಗಿದ.

“ಸರಿ, ನಿನಗೆ ತೋಚಿದ ಹಾಗೆ ಮಾಡು” ಎಂದರು ಗುರುಗಳು.

ಅವನ ಮನಸ್ಸು ಆಗಲೇ ಫೋಟೋಗಳ ಕಡೆ ವಾಲಿತ್ತು. ಹೋದ ವರ್ಷ, ಕೈ ಪಳಗಲಿ ಎಂದು, ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ಸುತ್ತಲೂ ಫೋಟೋ ಹೊಡೆದಿದ್ದ. “ಅಲುಗಾಡಬೇಡಪ್ಪಾ” ಎಂದು ಗದರಿದ್ದ. ಅಪ್ಪ ಪಾಪ, ಉಸಿರು ಬಿಗಿಹಿಡಿದು ಕೂತಿದ್ದ. ಮಳೆಗಾಲಕ್ಕೆ ಮೊದಲೇ ತೀರಿಹೋದ.

ಕೊಟ್ರೇಶ ಊಟ ತಿಂಡಿಯ ಪರಿವೆಯಿಲ್ಲದೆ ಕೂತ. ಹಣೆಯ ಗೆರೆ, ತುಸು ಸೊಟ್ಟಗಿದ್ದ ಮೂಗು, ಕಿವಿಯ ಮೇಲಿನ ಕೂದಲು ಎಲ್ಲವೂ ಬಂತು. ಅಪ್ಪ ಈಟಿ ಹಿಡಿದು ಕೋಟೆ ಬಾಗಿಲಲ್ಲಿ ನಿಂತಾಗ ಗುರುಗಳನ್ನು ಕರೆದ.

“ನೋಡಿ ಗುರುಗಳೇ. ಇನ್ನು ನಮ್ಮಪ್ಪ ಎಲ್ಲಿಗೂ ಹೋಗಲ್ಲ. ಆಟ ಇರೋವರೆಗೂ ಇರ್ತಾನೆ.”

ಗುರುಗಳು ಆಟ ಶುರುಮಾಡಿದರು. ಬಾಗಿಲ ಹತ್ತಿರ ಬಂದರು. ಕತ್ತಿ ಬೀಸಿದರು.

ಅಪ್ಪ ಮೊಣಕಾಲೂರಿ ಬಿದ್ದ.

ಗುರುಗಳು ಮತ್ತೆ ಮೊದಲಿಂದ ಆಡಿದರು. ಅಪ್ಪ ಎದ್ದು ನಿಂತಿದ್ದ. ಮತ್ತೆ ಬಿದ್ದ. ಈ ಸಲ ಮುಖ ಮೇಲಾಗಿತ್ತು, ಕಣ್ಣು ತೆರೆದೇ ಇತ್ತು.

“ಸಾಕು ಗುರುಗಳೇ.”

“ಇವನನ್ನ ಬಿಟ್ಟು ಬೇರೆ ಕಡೆಯಿಂದ ಒಳಗೆ ಹೋಗಬಹುದಾ?”

“ಇಲ್ಲ. ಅವನನ್ನ ಕೊಂದರೇನೇ ಬಾಗಿಲು ತೆರೆಯೋದು.”

ಇದು ಕೊಟ್ರೇಶನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಅಪ್ಪನನ್ನು ತಂದು ಅಲ್ಲಿ ನಿಲ್ಲಿಸಿದ್ದ.

“ಎಷ್ಟು ಜನ ಆಡ್ತಾರೆ ಇದನ್ನ?”

“ಲಕ್ಷಾಂತರ ಜನ.”

ಗುರುಗಳು ಮತ್ತೆ ಕತ್ತಿ ಎತ್ತಿದರು. ಕೊಟ್ರೇಶ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಪ್ಪ ಸತ್ತ ದಿನವೂ ಅಳದಿದ್ದವನು ಬಿಕ್ಕಿಬಿಕ್ಕಿ ಅತ್ತ.

ಅತ್ತು ಮುಗಿದ ಮೇಲೆ ಅಪ್ಪನ ಮುಖವನ್ನು ಅಳಿಸಿಹಾಕಿದ. ಕಾವಲುಗಾರನ ಕುತ್ತಿಗೆಯ ಮೇಲೆ ಈಗ ಏನೂ ಇರಲಿಲ್ಲ.

“ತಪ್ಪಾಯ್ತು ಗುರುಗಳೇ. ಫೋಟೋ ಬೇಡ. ಮಣ್ಣು ತಿದ್ದಿದ ಹಾಗೆ ನಾನೇ ತಿದ್ತೀನಿ. ಯಾರ ಹಾಗೂ ಕಾಣದ ಒಂದು ಮುಖ ಮಾಡ್ತೀನಿ.”

ಗುರುಗಳು ಏಳುತ್ತಾ ಹೇಳಿದರು:

“ಮಾಡು. ಅವನಿಗೂ ಒಬ್ಬ ಮಗ ಇರ್ತಾನೆ.”