ಗದ್ದಲವಿಲ್ಲದ ಅಡುಗೆ

"ನನ್ನ ದಂಡಿನಲ್ಲಿ ಹದಿನೆಂಟರ ಹುಡುಗನೂ ಇದ್ದಾನೆ, ಅರವತ್ತರ ಮುದುಕನೂ ಇದ್ದಾನೆ. ನಾನು ಒಂದು ಮಾತು ಹೇಳಿದರೆ ಸಾಕು, ಇಬ್ಬರ ಕಾಲೂ ಒಟ್ಟಿಗೆ ಏಳುತ್ತವೆ," ಎಂದು ಬಮ್ಮಯ್ಯ ದಂಡನಾಯಕ ಕೇತರಸ ದೊರೆಯ ಓಲಗದಲ್ಲಿ ಮೀಸೆ ತಿರುವಿದ. "ಅರಮನೆಯ ಅಡುಗೆಮನೆಯಲ್ಲಿ ಮಾತ್ರ ಬೆಳಗಾದರೆ ಜಗಳ. ಹೆಂಗಸಿನ ಕೈಗೆ ಯಜಮಾನಿಕೆ ಕೊಟ್ಟರೆ ಇನ್ನೇನಾಗುತ್ತದೆ, ಪ್ರಭು?"

ಅವನು ಹೇಳಿ ಮುಗಿಸುವುದಕ್ಕೂ ಒಳಗೆ ಪಾತ್ರೆಯೊಂದು ಬೀಳುವುದಕ್ಕೂ ಸರಿಹೋಯಿತು. ಅದರ ಹಿಂದೆಯೇ ಅಡುಗೆಯ ಮುದುಕಿ ಸಿರಿಯಜ್ಜಿಯ ಬೈಗುಳ, ಬೈಗುಳದ ಹಿಂದೆಯೇ ಹುಡುಗಿಯರ ಎದುರುತ್ತರ. ದೊರೆ ಹಣೆ ಚಚ್ಚಿಕೊಂಡು ಮಾಚವ್ವೆಗೆ ಹೇಳಿಕಳಿಸಿದ.

ಮಾಚವ್ವೆ ಆ ಅಡುಗೆಮನೆಯ ಯಜಮಾನಿ. ಹಾಗೆಂದು ಬೇರೆಯವರು ಹೇಳುತ್ತಿದ್ದರು; ಅವಳಿಗೆ ಅಷ್ಟು ಧೈರ್ಯವಿರಲಿಲ್ಲ. ಹಿಂದಿನ ಯಜಮಾನಿ ತೀರಿಕೊಂಡಾಗ ಮುದುಕಿಯರನ್ನು ಹುಡುಗಿಯರು ಒಪ್ಪಲಿಲ್ಲ, ಹುಡುಗಿಯರನ್ನು ಮುದುಕಿಯರು ಒಪ್ಪಲಿಲ್ಲ. ನಡುವಯಸ್ಸಿನವಳು, ಯಾರಿಗೂ ಎದುರಾಡದವಳು ಎಂದು ಇವಳನ್ನು ಹಿಡಿದು ಮಣೆಯ ಮೇಲೆ ಕೂರಿಸಿದ್ದರು. ಅಂದಿನಿಂದ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎನ್ನುವವರನ್ನೂ "ಹೀಗೇ ಯಾಕೆ ಮಾಡಬೇಕು" ಎನ್ನುವವರನ್ನೂ ಸಂಭಾಳಿಸಿ ಅವಳ ಅರ್ಧ ತಲೆ ನೆರೆತಿತ್ತು. ಅರ್ಧ ಕರಿ, ಅರ್ಧ ಬಿಳಿ. ಹಾಗಾಗಿ ಎರಡೂ ಕಡೆಯವರು ಇವಳು ಎದುರು ಪಕ್ಷದವಳೆಂದೇ ತಿಳಿದಿದ್ದರು.

"ಮಾಚವ್ವೆ, ನಾಳೆ ಮಧ್ಯಾಹ್ನದ ಅಡುಗೆ ಒಂದು ಸೊಲ್ಲಿಲ್ಲದೆ ಆಗಬೇಕು," ಎಂದ ದೊರೆ. "ಓಲಗಕ್ಕೆ ಜಗಳ ಕೇಳಿಸಿತೋ, ಮುದುಕಿಯರೆಲ್ಲ ಮನೆಗೆ."

ಸಿರಿಯಜ್ಜಿಗೆ ಮನೆ ಅಂತ ಇದ್ದದ್ದೇ ಆ ಅಡುಗೆಮನೆ. ಮಾಚವ್ವೆಗೆ ಸೌಟು ಹಿಡಿಯಲು ಕಲಿಸಿದವಳೂ ಅವಳೇ, ಕಲಿಯದಿದ್ದಾಗ ಅದೇ ಸೌಟಿನಿಂದ ಬಾರಿಸಿದವಳೂ ಅವಳೇ. ಅವಳನ್ನು ಹೊರಗೆ ಕಳಿಸುವುದನ್ನು ನೆನೆದೇ ಮಾಚವ್ವೆಯ ಕಣ್ಣು ತುಂಬಿತು.

"ಆಗಲಿ, ಪ್ರಭು. ಆದರೆ ನಾನು ದಡ್ಡಿ," ಎಂದಳು. "ಇಷ್ಟು ವರ್ಷವಾದರೂ ಒಬ್ಬರ ಬಾಯನ್ನಾದರೂ ಮುಚ್ಚಿಸಲು ಕಲಿಯಲಿಲ್ಲ. ನಾಳೆ ಒಂದು ಹೊತ್ತು ದಂಡನಾಯಕರೇ ನನ್ನ ಮಣೆಯ ಮೇಲೆ ಕೂತು ತೋರಿಸಿಕೊಡಲಿ. ಆ ಊಟ ಉಂಡ ಮೇಲೆ ತಾವು ಏನು ಹೇಳಿದರೂ ನನಗೆ ಒಪ್ಪಿಗೆ."

"ಅದೇನು ಮಹಾ," ಎಂದು ದಂಡನಾಯಕ ನಕ್ಕ.

ಸುದ್ದಿ ಕೇಳಿ ಅಡುಗೆಮನೆ ಹೊತ್ತಿಕೊಂಡಿತು.

"ಆ ಮೀಸೆಯವನ ಕೈಗೆ ನನ್ನ ಒಲೆ ಕೊಟ್ಟು ಬಂದ್ಯೇನೆ?" ಎಂದಳು ಸಿರಿಯಜ್ಜಿ.

"ಮಾಚಕ್ಕಂಗೆ ಇಲ್ಲ ಅನ್ನೋಕೇ ಬರಲ್ಲ, ಅಜ್ಜಿ," ಎಂದಳು ಹುಡುಗಿಯರಲ್ಲಿ ಬಾಯಿಜೋರಿನ ಚಂದಲೆ.

"ನಿನ್ನಂಥ ಪೆದ್ದಿ ಊರಲ್ಲಿ ಇನ್ನೊಬ್ಬಳಿಲ್ಲ ಬಿಡು," ಎಂದಳು ಅಜ್ಜಿ ಮಾಚವ್ವೆಗೆ.

"ಬೈಯೋದನ್ನೆಲ್ಲ ಇವತ್ತೇ ಬೈದು ಮುಗಿಸಿ," ಎಂದಳು ಮಾಚವ್ವೆ. "ನಾಳೆ ಅವರು ಹೇಳಿದ್ದನ್ನ ಮಾಡಿ, ಹೇಳದ್ದನ್ನ ಮಾಡಬೇಡಿ. ಅಷ್ಟು ಸಾಕು."

ಮರುದಿನ ದಂಡನಾಯಕ ಕತ್ತಿ ಸಮೇತ ಬಂದು ಮಣೆಯ ಮೇಲೆ ಕೂತ. "ಎಲ್ಲರ ಬಾಯಿಗೂ ಬೀಗ. ನಾನು ಹೇಳಿದ ಕೂಡಲೇ ಎಲ್ಲರೂ ಮಾಡಬೇಕು. ಯಾಕೆ, ಏನು ಎನ್ನಬಾರದು."

ಯಾರೂ ಅನ್ನಲಿಲ್ಲ. ಬೇಳೆ ಬೇಯಿಸಿ ಎಂದ, ಬೆಂದಿತು. ಹುಣಸೆ ಕಿವುಚಿ ಎಂದ, ಕಿವುಚಿದರು. ಅಷ್ಟು ಹೆಂಗಸರು ತುಟಿ ಬಿಚ್ಚದೆ ದುಡಿಯುವುದನ್ನು ನೋಡಿ ಅವನ ಎದೆ ಉಬ್ಬಿತು.

"ಹುಳಿಗೆ ಉಪ್ಪು ಹಾಕಿ," ಎಂದು ಗುಡುಗಿದ.

ಸಿರಿಯಜ್ಜಿ ಒಂದು ಹಿಡಿ ಹಾಕಿದಳು. ಚಂದಲೆ ಒಂದು ಹಿಡಿ ಹಾಕಿದಳು. ಮಿಕ್ಕವರೂ ಸಾಲಾಗಿ ಬಂದು ಹಾಕಿ ಹೋದರು. ಕೊನೆಗೆ ಮಾಚವ್ವೆಯೂ ಹಾಕಿದಳು, ಇವತ್ತು ಅವಳೂ ಆಳೇ ತಾನೆ? ಪಕ್ಕದ ಒಲೆಯ ಮೇಲೆ ಪಾಯಸ ಬೆಲ್ಲವಿಲ್ಲದೆ ಕುದಿಯುತ್ತಿತ್ತು. ಅದನ್ನು ನೋಡಲಾರದೆ ಸಿರಿಯಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಮಾಚವ್ವೆಗೆ ಅವಳನ್ನು ನೋಡಿ ಪಾಪ ಅನ್ನಿಸಿತು, ಆದರೂ ಬೆಲ್ಲಕ್ಕೆ ಕೈ ಹಾಕಲಿಲ್ಲ.

ಊಟಕ್ಕೆ ಕೂತ ದೊರೆ, "ಒಂದು ಸದ್ದಿಲ್ಲ, ಭೇಷ್ ಬಮ್ಮಯ್ಯ," ಎನ್ನುತ್ತಾ ಮೊದಲ ತುತ್ತು ಬಾಯಿಗಿಟ್ಟ. ಉಗಿಯಲೂ ಆಗದೆ ನುಂಗಲೂ ಆಗದೆ ಪಾಯಸಕ್ಕೆ ಕೈ ಹಾಕಿದ. "ಇದೇನು, ಹಾಲಿನ ಗಂಜಿಯೇ?"

ದಂಡನಾಯಕ ತಡವರಿಸಿದ. "ಉಪ್ಪು ಹಾಕಿ ಎಂದು ನಾನು ಹೇಳಿದ್ದು ಒಂದೇ ಸಲ, ಪ್ರಭು."

"ನಿಜ, ಪ್ರಭು," ಎಂದಳು ಮಾಚವ್ವೆ. "ಎಲ್ಲರೂ ಅವರ ಮಾತಿಗೆ ಬೆಲೆ ಕೊಟ್ಟು ಒಂದೊಂದು ಹಿಡಿ ಹಾಕಿದೆವು. ಬೆಲ್ಲ ಹಾಕಿ ಎಂದು ಅವರು ಹೇಳಲಿಲ್ಲ, ನಾವು ಹಾಕಲಿಲ್ಲ. ದಿನವೂ ಅಜ್ಜಿ 'ನಾನು ಉಪ್ಪು ಹಾಕಿದ್ದೀನಿ, ಕೈ ತೆಗಿ' ಅಂತ ಚೀರುತ್ತಾಳೆ. ಚಂದಲೆ 'ಬೆಲ್ಲ ಮರೆತೆ ಅಜ್ಜಿ, ಕಣ್ಣು ಕಾಣಲ್ವಾ' ಅಂತ ರೇಗುತ್ತಾಳೆ. ತಮಗೆ ಓಲಗದಲ್ಲಿ ಕೇಳಿಸುವ ಜಗಳ ಅದೇ."

ದೊರೆ ಎರಡು ಚೊಂಬು ನೀರು ಕುಡಿದು ಸುಧಾರಿಸಿಕೊಂಡ. "ಅವರ ಜಗಳದಿಂದಲೇ ಅಡುಗೆಯಾಗುವುದಾದರೆ, ಯಜಮಾನಿ ಅಂತ ನೀನು ಮಾಡುವುದಾದರೂ ಏನು?"

"ಬೈಸಿಕೊಳ್ಳುತ್ತೇನೆ, ಪ್ರಭು. ಮುದುಕಿಯರಿಗೂ ಹುಡುಗಿಯರಿಗೂ ಯಾವುದರಲ್ಲೂ ಹೊಂದಿಕೆಯಿಲ್ಲ. ನಾನು ಕೈಲಾಗದವಳು ಎನ್ನುವುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಆ ಒಗ್ಗಟ್ಟಿನಿಂದಲೇ ತಮ್ಮ ಒಲೆ ಉರಿಯುತ್ತಿದೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಬ್ಬ ಮುದುಕಿಯೂ ಮನೆಗೆ ಹೋಗಬೇಕಿಲ್ಲ ಎಂದ, ದಂಡನಾಯಕನಿಗೆ ಇನ್ನೊಂದು ಸೌಟು ಹುಳಿ ಬಡಿಸಲು ಹೇಳಿದ. ಆಮೇಲೆ ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ಮಾಚವ್ವೆಯ ಮುಂದೆ ಹಿಡಿದ.

ಮಾಚವ್ವೆ ಎರಡು ಹೆಜ್ಜೆ ಹಿಂದೆ ಸರಿದಳು.

"ಕಡಗ ತಮ್ಮಲ್ಲೇ ಇರಲಿ, ಪ್ರಭು. ಅದನ್ನು ತೊಟ್ಟು ಒಳಗೆ ಹೋದರೆ ಎಲ್ಲರೂ ನನಗೆ ಮರ್ಯಾದೆ ಕೊಡಲು ಶುರು ಮಾಡುತ್ತಾರೆ. ನಾಳೆಯೂ ತಾವು ಇದೇ ಹುಳಿ ಉಣ್ಣಬೇಕಾಗುತ್ತದೆ."