ಕೊಪ್ಪರಿಗೆಯ ಬೆಕ್ಕು

"ಗುರುಗಳೇ, ಗಾಜಿನ ತಟ್ಟೇಲಿ ಗೆಡ್ಡೆ ಕೊಂದಿರೋ ಸೊಪ್ಪು ತಲೆ ಒಳಗಿರೋ ಗೆಡ್ಡೆ ಕೊಲ್ಲದೆ ಇರುತ್ತಾ?"

ಹೀಗೆ ಕೇಳಿದವನು ಓಂಕಾರಪ್ಪ. ರುದ್ರಯ್ಯ ಪಂಡಿತರ ಬಳಿ ಏಳು ವರ್ಷದಿಂದ ಗಿಡಮೂಲಿಕೆಯ ವಿದ್ಯೆ ಕಲಿಯುತ್ತಿದ್ದವನು. ಕೇಳುವಾಗ ಅವನ ಒಂದು ಕೈಯಲ್ಲಿ ಪತ್ರಿಕೆಯ ತುಂಡಿತ್ತು, ಇನ್ನೊಂದು ಕೈಯಲ್ಲಿ ಒಂದು ಬಳ್ಳಿಯ ಸೊಪ್ಪಿತ್ತು. ಯಾವುದೋ ದೂರದ ಪ್ರಯೋಗಾಲಯದಲ್ಲಿ ಈ ಬಳ್ಳಿಯ ಸತ್ವ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಕ್ಯಾನ್ಸರ್ ಗೆಡ್ಡೆಯ ಜೀವಕೋಶಗಳ ಮೇಲೆ ಹಾಕಿದ್ದಾರೆ, ಅವು ಸತ್ತಿವೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಬಳ್ಳಿ ಪಂಡಿತರ ಬೇಲಿಯಲ್ಲೇ ಹಬ್ಬಿತ್ತು. ಅಲ್ಲಿಯವರೆಗೆ ಅದಕ್ಕೆ ಮರ್ಯಾದೆ ಕೊಟ್ಟಿದ್ದವು ಬೀದಿಯ ಆಡುಗಳು ಮಾತ್ರ.

ಓಂಕಾರಪ್ಪನ ಅಕ್ಕ ಸರ್ವಮಂಗಳಳ ತಲೆಯಲ್ಲಿ ಅಂಥದೇ ಗೆಡ್ಡೆ ಇತ್ತು. ಸೋಮವಾರ ಆಪರೇಷನ್ ಎಂದು ಆಸ್ಪತ್ರೆಯವರು ದಿನ ಗೊತ್ತುಮಾಡಿದ್ದರು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ತಲೆಬುರುಡೆ ತೆರೆಯುತ್ತಾರೆ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಅವನು ಅದನ್ನು ತಪ್ಪಿಸುವ ದಾರಿ ಹುಡುಕುತ್ತಿದ್ದ. ಆಪರೇಷನ್ ಮುಂದಕ್ಕೆ ಹಾಕಿಸಿ ಮೂರು ತಿಂಗಳು ಈ ರಸ ಕುಡಿಸುವುದೆಂದು ಅವನು ತೀರ್ಮಾನ ಮಾಡಿಕೊಂಡೇ ಬಂದಿದ್ದ. ಗುರುಗಳು ಹೂಂ ಎನ್ನುವುದೊಂದು ಬಾಕಿ ಇತ್ತು.

ಪಂಡಿತರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಬೇರು ಅರೆಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆಯೊಳಗೆ ಬಿತ್ತನೆ ಬೀಜದ ಕಣಜವಿತ್ತು. ಸುತ್ತ ಇಟ್ಟಿಗೆ ಗೋಡೆ, ಒಂದೇ ಬಾಗಿಲು. ಆ ಬಾಗಿಲಲ್ಲಿ ರೈತನ ಸೋದರತ್ತೆ ಪೊರಕೆ ಹಿಡಿದು ಕೂತಿರುತ್ತಿದ್ದಳು. ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ತುಂಬಿಟ್ಟ ಮೇಲೆ, ಬಿತ್ತನೆಯ ದಿನದವರೆಗೆ ಸ್ನಾನ ಮಾಡದ ಜೀವ ಯಾವುದೂ ಕಣಜದ ಹೊಸ್ತಿಲು ದಾಟಬಾರದು ಎಂಬುದು ಆ ಮನೆಯ ಕಟ್ಟಳೆ. ನಲವತ್ತು ವರ್ಷದಲ್ಲಿ ಅತ್ತೆ ಒಂದು ಕೋಳಿಯನ್ನೂ ಒಳಗೆ ಬಿಟ್ಟವಳಲ್ಲ. ಸ್ನಾನವಾಯಿತೆಂದು ತಲೆಗೆ ನಾಲ್ಕು ಹನಿ ನೀರು ಚಿಮುಕಿಸಿಕೊಂಡು ಬಂದ ರೈತನನ್ನೂ ಬಿಟ್ಟವಳಲ್ಲ. ಊರಲ್ಲಿ ಎಲ್ಲರ ಬೀಜ ಹುಳ ಹಿಡಿದ ವರ್ಷವೂ ಆ ಮನೆಯ ಬೀಜ ಕೆಟ್ಟಿರಲಿಲ್ಲವೆಂದರೆ ಅದು ಅವಳ ಪುಣ್ಯ.

ಒಂದು ವರ್ಷ ಹೆಗ್ಗಣವೊಂದು ನೆಲದಡಿಯಿಂದ ಕೊರೆದುಕೊಂಡು ನೇರ ಕಣಜದೊಳಗೇ ಎದ್ದಿತು. ಬಾಗಿಲಿಗೆ ಬರಲೇ ಇಲ್ಲ, ಹಾಗಾಗಿ ಅತ್ತೆಗೆ ಕಾಣಲೂ ಇಲ್ಲ. ಗೋಡೆಯ ಆಚೆ ಕರಕರ ಸದ್ದು ಕೇಳಿದಾಗ ರೈತನ ಜೀವ ಬಾಯಿಗೆ ಬಂತು. ಬೀಜ ಹೋದರೆ ಆ ವರ್ಷ ಬೆಳೆಯೇ ಇಲ್ಲ.

ಗಾರೆಯವನನ್ನು ಕರೆಸಿದ. ಗಾರೆಯವನು ಗೋಡೆಗೆ ಕಿವಿಯಿಟ್ಟು ಕೇಳಿಸಿಕೊಂಡ.

"ಇಲ್ಲೈತೆ ನೋಡಿ ಗೌಡ್ರೆ. ನಾಲ್ಕು ಇಟ್ಟಿಗೆ ತೆಗೀತೀನಿ, ಹೆಗ್ಗಣ ಎಳೀತೀನಿ, ಮತ್ತೆ ಕಟ್ತೀನಿ. ಒಂದಷ್ಟು ಬೀಜ ಚೆಲ್ಲಬೋದು. ಮರಿಗಿರಿ ಉಳ್ಕೊಂಡಿದ್ರೆ ಆಮೇಲೆ ಹೊಗೆ ಹಾಕ್ಬೇಕಾಗುತ್ತೆ."

"ಗೋಡೆ ಬಿದ್ದೋದ್ರೆ?"

"ಬೀಳಿಸಬಾರ್ದು ಅಂತಾನೇ ಈ ಕೆಲಸ ಕಲ್ತಿರೋದು. ಬೀಳೋದೇ ಇಲ್ಲ ಅಂತ ಆಣೆ ಮಾತ್ರ ಇಡಾಕಾಗಲ್ಲ."

ರೈತ ಗಾರೆಯವನ ಹಾರೆಯನ್ನು ನೋಡಿದ. ಹೆಗ್ಗಣವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಹಾರೆ ಕಣ್ಣೆದುರಿಗೇ ಇತ್ತು. ಬಾಗಿಲ ಮೇಲೆ ದೆವ್ವಕ್ಕೆ ಬರೆದಿಡುವಂತೆ "ನಾಳೆ ಬಾ" ಎಂದು ಹೇಳಿ ಕಳಿಸಿಬಿಟ್ಟ.

ಮಾರನೆಯ ದಿನ ಅಂಗಳದಲ್ಲಿ ನೀರು ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ತೊಳೆದು ಇಟ್ಟಿದ್ದರು. ಹೊಲದ ಕಡೆಯಿಂದ ಓಡಿಬಂದ ಹೆಗ್ಗಣವೊಂದು ಅದರೊಳಗೆ ಬಿತ್ತು. ಬೀದಿಯ ಬೆಕ್ಕೊಂದು ಅದರ ಹಿಂದೆಯೇ ಹಾರಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೆಗ್ಗಣ ಸತ್ತಿತ್ತು.

ರೈತ ಕುಣಿದಾಡಿದ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ ಎಂದು ಹಣೆ ಚಚ್ಚಿಕೊಂಡ. ಹಾರೆ ಬೇಡ, ಗಾರೆ ಬೇಡ, ಗೋಡೆಗೆ ಒಂದು ಗೀರು ಕೂಡ ಬೀಳುವುದಿಲ್ಲ. ಬೆಕ್ಕಿನ ಹಣೆಗೆ ಕುಂಕುಮ ಇಟ್ಟು ಹಾಲು ಕುಡಿಸಿದ. ಮರುದಿನ ಇನ್ನೊಂದು ಹೆಗ್ಗಣ ಹಿಡಿಸಿ ತಂದು ಕೊಪ್ಪರಿಗೆಗೆ ಬಿಟ್ಟ. ಅದೂ ಸತ್ತಿತು. ಮೂರನೆಯದೂ ಸತ್ತಿತು. ನಾಲ್ಕನೆಯದನ್ನು ನೋಡಲು ಊರವರು ಬಂದರು. ಐದನೆಯದಕ್ಕೆ ಡೊಳ್ಳಿನವರೂ ಬಂದರು. ದಿನಕ್ಕೊಂದು ಹೆಗ್ಗಣ ಸಾಯುತ್ತಿತ್ತು, ದಿನವೂ ಜನ ಶಿಳ್ಳೆ ಹೊಡೆಯುತ್ತಿದ್ದರು. ಡೊಳ್ಳು ನಿಂತಾಗ ಮಾತ್ರ ಕಣಜದೊಳಗಿನ ಕರಕರ ಕೇಳಿಸುತ್ತಿತ್ತು. ಡೊಳ್ಳು ನಿಲ್ಲಿಸಬೇಡಿ ಎಂದ ರೈತ.

ಹನ್ನೆರಡನೆಯ ದಿನ ಬೆಕ್ಕನ್ನು ಕಣಜದ ಕಡೆಗೆ ಅಟ್ಟಿದ. ಅಲ್ಲಿಗೆ ಹೋಗಲು ಅಡುಗೆಮನೆ ದಾಟಬೇಕು. ಅಲ್ಲಿ ರೈತನ ಹೆಂಡತಿ ಮಜ್ಜಿಗೆ ಕಡೆಯುತ್ತಿದ್ದಳು. ಕೊಪ್ಪರಿಗೆಯ ವೀರ ಹೊಟ್ಟೆ ಬಿರಿಯ ಬೆಣ್ಣೆ ತಿಂದು ಒಲೆಯ ಪಕ್ಕ ಮಲಗಿತು. ಎಬ್ಬಿಸಿ, ತಳ್ಳಿ, ಹೇಗೋ ಹೊಸ್ತಿಲವರೆಗೆ ತಂದರೆ ಅಲ್ಲಿ ಅತ್ತೆ ಪೊರಕೆ ಎತ್ತಿದಳು.

"ಇದಕ್ಕೆ ಸ್ನಾನ ಆಗೈತೇನೋ?"

ರೈತ ಬೆಕ್ಕಿಗೆ ಸ್ನಾನ ಮಾಡಿಸಲು ಹೋದ. ಆಮೇಲೆ ಎರಡು ವಾರ ಅವನು ಯಾರಿಗೂ ಮುಖ ತೋರಿಸಲಿಲ್ಲ.

ಮುಖದ ಗಾಯ ಮಾಯ್ದಾಗ ಅವನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಒಂದು ಬೆಕ್ಕು ಹೋದರೆ ಅತ್ತೆ ತಡೆಯುತ್ತಾಳೆ, ನಲವತ್ತು ನುಗ್ಗಿದರೆ ಒಂದಾದರೂ ನುಸುಳೀತು. ಸುತ್ತಲ ಹಳ್ಳಿಗಳಿಂದ ನಲವತ್ತು ಬೆಕ್ಕು ತರಿಸಿ ಮನೆಯೊಳಗೆ ಬಿಟ್ಟ. ಎರಡು ದಿನಕ್ಕೆ ಹಾಲಿಲ್ಲ, ಮೊಸರಿಲ್ಲ. ನಾಲ್ಕು ದಿನಕ್ಕೆ ಕೋಳಿಮರಿಗಳಿಲ್ಲ. ತೊಟ್ಟಿಲ ಮಗುವಿನ ಕೆನ್ನೆಗೂ ಉಗುರು ತಾಗಿತು. ಹೆಂಡತಿ ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿದಳು. ಬೆಕ್ಕಿನ ಬಾಲ ತುಳಿಯದೆ ತಲೆಬಾಗಿಲು ಮುಟ್ಟುವ ದಾರಿ ಕಾಣದೆ ಉಳಿದುಕೊಂಡಳು. ಮನೆಮಂದಿಯೆಲ್ಲ ಸೊರಗಿದರು. ಆ ಮನೆಯಲ್ಲಿ ಮೈ ತುಂಬಿಕೊಂಡು ಸುಖವಾಗಿದ್ದದ್ದು ಹೆಗ್ಗಣ ಒಂದೇ. ನಲವತ್ತರಲ್ಲಿ ಒಂದು ಬೆಕ್ಕೂ ಅದರ ಮುಖ ನೋಡಿರಲಿಲ್ಲ.

ಅಷ್ಟರಲ್ಲಿ ಮುಂಗಾರಿನ ಮೊದಲ ಮಳೆ ಬಿತ್ತು. ಊರವರು ಬಿತ್ತಲು ಕೂರಿಗೆ ಹೊರಗೆ ತೆಗೆದರು. ರೈತ ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಗಾರೆಯವನ ಕೈ ಹಿಡಿದ. ಗಾರೆಯವನು ಬಂದು ಮತ್ತೆ ಗೋಡೆಗೆ ಕಿವಿಯಿಟ್ಟ. ಈ ಸಲ ಬಹಳ ಹೊತ್ತು ಇಟ್ಟ. ಆಮೇಲೆ ಹಾರೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

"ಅವತ್ತು ನಾಲ್ಕು ಇಟ್ಟಿಗೆ ಸಾಕಿತ್ತು ಗೌಡ್ರೆ. ಇವತ್ತು ಗೋಡೆ ಒಳಗೆಲ್ಲ ಟೊಳ್ಳು, ಹಿಡ್ಕೊಂಡು ನಿಂತಿರೋದೇ ಹೆಗ್ಗಣ."

ಕತೆ ಹೇಳಿ ಪಂಡಿತರು ಮತ್ತೆ ಬೇರು ಅರೆಯತೊಡಗಿದರು.

ಓಂಕಾರಪ್ಪ ಡೊಳ್ಳಿನವರು ಬಂದಲ್ಲಿ ನಕ್ಕಿದ್ದ, ಬೆಕ್ಕಿನ ಸ್ನಾನಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕೊನೆಯ ಮಾತಿಗೆ ನಗು ಬರಲಿಲ್ಲ. ಕೈಯಲ್ಲಿದ್ದ ಸೊಪ್ಪು ಆಗಲೇ ಬಾಡತೊಡಗಿತ್ತು. ಅವನಿಗೆ ಗುರುಗಳ ಮೇಲೆ ಸಿಟ್ಟು ಬಂತು. ಏಳು ವರ್ಷ ಸೊಪ್ಪಿನ ಮಹಿಮೆ ಹೇಳಿಕೊಟ್ಟವರು ಇಂದು ಬೇಕಾದಾಗ ಕೈ ಬಿಟ್ಟರಲ್ಲ ಎನಿಸಿತು.

"ಹಾಗಾದ್ರೆ ಬೆಕ್ಕು ಸುಳ್ಳಾ ಗುರುಗಳೇ?"

"ಬೆಕ್ಕು ನಿಜ ಕಣಪ್ಪ. ಕೊಪ್ಪರಿಗೇಲಿ ಹೆಗ್ಗಣ ಸತ್ತಿದ್ದೂ ನಿಜ. ಆದ್ರೆ ಕುಡಿದ ರಸ ಮೊದಲು ಹೊಟ್ಟೆ ದಾಟಬೇಕು, ಆಮೇಲೆ ರಕ್ತದಿಂದ ಮಿದುಳಿಗೆ ಹೋಗೋ ಬಾಗಿಲಲ್ಲಿ ಅಂಥದೇ ಅತ್ತೆ ಕೂತಿರ್ತಾಳೆ. ಬೆಕ್ಕಿಗೆ ಕಣಜದೊಳಕ್ಕೆ ದಾರಿ ಹುಡುಕೋರು ಹುಡುಕ್ತಾ ಇದ್ದಾರೆ, ಹುಡುಕಲಿ. ಸಿಕ್ಕಿದ ದಿನ ನಾನೇ ಹೋಗಿ ಆ ಬೇಲಿಗೆ ಕೈ ಮುಗೀತೀನಿ. ಅದಿರಲಿ, ನಿಮ್ಮಕ್ಕ ಏನಂತಾಳೆ?"

"ಅವಳೇನಂತಾಳೆ! ನೆನ್ನೇನೇ ಬಟ್ಟೆ ಚೀಲ ತುಂಬಿಟ್ಟು ಕೂತವಳೆ. ಹೆಂಗೂ ತಲೆ ಬೋಳಿಸ್ತಾರೆ, ಇನ್ನು ನಾಲ್ಕು ತಿಂಗಳು ಹೇನಿನ ಕಾಟ ಇಲ್ಲ ಅಂತ ನಗ್ತಾಳೆ."

ಪಂಡಿತರು ತಲೆಯೆತ್ತಿ ಶಿಷ್ಯನ ಮುಖ ನೋಡಿದರು.

"ಹಾಗಾದ್ರೆ ಹಾರೆಗೆ ಹೆದರಿರೋದು ಯಾರಪ್ಪ?"

ಓಂಕಾರಪ್ಪ ಬಾಡಿದ ಸೊಪ್ಪನ್ನು ಪತ್ರಿಕೆಯ ತುಂಡಿನಲ್ಲಿ ಸುತ್ತಿ ಕೆಳಗಿಟ್ಟ.