ಪಾರವ್ವನ ಹೊಲದ ಕರಾರು

ನದಿಯ ದಂಡೆಯಲ್ಲೊಂದು ಆಶ್ರಮ. ಅದರ ವ್ಯವಹಾರಗಳನ್ನು ಚನ್ನಮಲ್ಲನೆಂಬ ಶಿಷ್ಯ ನೋಡಿಕೊಳ್ಳುತ್ತಿದ್ದ.

ಕೆಲವು ದಿನಗಳಿಂದ ಅವನು ಧ್ಯಾನಕ್ಕೆ ಕುಳಿತಲ್ಲಿ ಕುಳಿತಿರಲಾರ. ದಾರಿಯಲ್ಲಿ ಸೈಕಲ್ಲಿನ ಸದ್ದಾದರೆ ಸಾಕು, ಅಂಚೆಯವನು ನ್ಯಾಯಾಲಯದ ಕಾಗದ ತಂದನೆಂದು ಎದ್ದು ಹೋಗುವನು, ಬರಿಗೈಯಲ್ಲಿ ಮರಳುವನು. ಜಪಮಣಿ ಕೈಯಲ್ಲಿದೆ, ಕಿವಿ ಮಾತ್ರ ದಾರಿಯಲ್ಲಿದೆ ಎಂದು ಆಶ್ರಮದವರು ಹಾಸ್ಯ ಮಾಡುತ್ತಿದ್ದರು.

ಗುರುಗಳು ಕರೆದು ಕಾರಣ ಕೇಳಿದರು.

ದಾಸೋಹದ ಅಡುಗೆಮನೆಗಾಗಿ ಪಕ್ಕದ ಹೊಲವನ್ನು ಕೊಳ್ಳಲು, ಪಾರವ್ವನೆಂಬ ವಿಧವೆಗೆ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಂಡಾಗಿತ್ತು. ಈಗ ಆಕೆ ನೋಂದಣಿಗೆ ಬರಲೊಲ್ಲಳು. ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಾಳೆಂಬ ಅಂಜಿಕೆಯಿಂದ ತಾನು ಮೊದಲೇ ಕೇವಿಯಟ್ ಹಾಕಿ, ಅದರ ನೋಟೀಸನ್ನು ಆಕೆಗೂ ಕಳಿಸಿರುವುದಾಗಿ ಶಿಷ್ಯ ತಿಳಿಸಿದ.

“ಹಾಗೆಂದರೇನು?”

“ನಮ್ಮ ಮಾತನ್ನು ಕೇಳದೆ ಆಕೆಯ ಪರವಾಗಿ ಆಜ್ಞೆ ಕೊಡಬಾರದೆಂಬ ಬೇಡಿಕೆ, ಅಜ್ಜಾರ.”

“ನ್ಯಾಯವಾದ ಬೇಡಿಕೆ. ಆಕೆಯ ಮಾತನ್ನು ನೀನು ಕೇಳಿದೆಯಾ?”

ಕರಾರಿಗೆ ಆಕೆಯೇ ಹೆಬ್ಬೆಟ್ಟು ಒತ್ತಿದ್ದಾಳೆ, ಇನ್ನು ಕೇಳುವುದೇನಿದೆ ಎಂದ ಶಿಷ್ಯ.

ಗುರುಗಳು ಎದ್ದು ಹೋಗಿ, ಬಾಗಿಲಲ್ಲಿದ್ದ ಶಿಷ್ಯನ ಮೆಟ್ಟುಗಳನ್ನು ತಮ್ಮ ಕೈಯಾರೆ ತಂದು ಅವನ ಮುಂದಿಟ್ಟರು.

ಅವನು ಹೊರಟ.

ಪಾರವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕೂರಲು ಕಂಬಳಿ ಹಾಸಿಕೊಟ್ಟಳು. ಮತ್ತೆ ಮೊರ ಹಿಡಿದವಳು ಮುಖವೆತ್ತಲಿಲ್ಲ.

“ನಿಮ್ಮ ನೋಟೀಸು ಬಂತ್ರಿ ಯಪ್ಪಾ. ಕೋರ್ಟಿಗೆ ಹೋಗಬೇಕಂತ ನನಗ ಹೊಳದೇ ಇರಲಿಲ್ಲ. ನೀವೇ ದಾರಿ ತೋರಿಸಿದ್ರಿ.”

ನೋಂದಣಿಗೆ ಬರಲೊಲ್ಲದ್ದೇಕೆಂದು ಅವನು ಕೇಳಿದ.

ಹೊಲದ ಬೇವಿನ ಮರದ ಕೆಳಗೆ ಆಕೆಯ ಮಗಳ ಸಮಾಧಿಯಿತ್ತು. ಬೇರೆಯವರಿಗೆ ಮಾರುವ ಬದಲು ಆಶ್ರಮಕ್ಕೇ ಕೊಟ್ಟರೆ ಅಲ್ಲೊಂದು ದೀಪವಾದರೂ ಉರಿದೀತೆಂದು ಆಕೆ ಬಗೆದಿದ್ದಳಂತೆ. ಈಗ ನೋಡಿದರೆ ಅಡುಗೆಮನೆಯ ಪಾಯಕ್ಕೆ ಸುಣ್ಣದ ಗೆರೆ ಎಳೆದದ್ದು ಅದೇ ಮಣ್ಣಿನ ಮೇಲೆ.

“ಅಕಿ ಎದಿ ಮ್ಯಾಲ ಒಲಿ ಹೂಡ್ತೀರೇನ್ರಿ?”

ಚನ್ನಮಲ್ಲ ಆಶ್ರಮಕ್ಕೆ ಮರಳಿ ಎಲ್ಲವನ್ನೂ ಗುರುಗಳಿಗೆ ಹೇಳಿದ. ಆದರೆ ಕರಾರಿನಲ್ಲಿ ಸಮಾಧಿಯ ಪ್ರಸ್ತಾಪವೇ ಇಲ್ಲವೆಂದೂ, ಗೆಲುವು ನಮ್ಮದೇ ಎಂದು ವಕೀಲರು ಭರವಸೆ ಕೊಟ್ಟಿದ್ದಾರೆಂದೂ ಸೇರಿಸಿದ.

“ಹೆಬ್ಬೆಟ್ಟು ಒತ್ತುವ ಮೊದಲು ಆಕೆ ಏನೂ ಹೇಳಿರಲಿಲ್ಲವೇ?”

ಶಿಷ್ಯ ನೆಲ ನೋಡಿದ.

“ಹೇಳಿದ್ದಳು. ಆ ಜಾಗವೊಂದನ್ನು ಮುಟ್ಟಬೇಡಿರೆಂದಳು. ನಾನು ತಲೆಯಾಡಿಸಿದೆ.”

“ಕರಾರಿನಲ್ಲಿ ಬರೆಸಲಿಲ್ಲವೇಕೆ?”

“ಬರೆಸಿದ್ದರೆ ಅಡುಗೆಮನೆಗೆ ಜಾಗ ಸಾಲುತ್ತಿರಲಿಲ್ಲ.”

“ನೀನು ತಲೆಯಾಡಿಸಿದ್ದನ್ನು ಕಂಡವರು ಯಾರು?”

“ಆಕೆಯೊಬ್ಬಳೇ.”

ಶಿಷ್ಯ ಎದ್ದ, ಕುಳಿತ, ಮತ್ತೆ ಎದ್ದ.

“ಕೇವಿಯಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳಲೇ, ಅಜ್ಜಾರ?”

“ಬೇಡ. ನಿನ್ನ ಮಾತನ್ನು ಕೇಳಲೇಬೇಕೆಂದು ಬೇಡಿಕೊಂಡವನು ನೀನು. ಕರೆದಾಗ ಹೋಗಿ, ತಲೆಯಾಡಿಸಿದೆನೆಂದು ಹೇಳು.”